ಕ್ರಿಕೆಟ್ ಕಪ್ಪೆಗೆ ಒಂದಿಷ್ಟು ದಂಡೆ

ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ನಾನು ಕೊಯ್ದ ಮತ್ತು ಕೊಯ್ಯಿಸಿದ ಕಪ್ಪೆಗಳಿಗೆ ಲೆಕ್ಕವಿಲ್ಲ. ಮೇಣದ ಟ್ರೇಯ ಮೇಲೆ ಅಂಗಾತ ಮಲಗಿಸಿ, ನಾಲ್ಕು ಕಾಲಿಗೂ ಗುಂಡುಪಿನ್ನು ಚುಚ್ಚಿ, ಹೃದಯ ಎಲ್ಲಿದೆ, ಪಿತ್ತಕೋಶ ಎಲ್ಲಿದೆ ಎಂದು ತೋರಿಸುವುದರಲ್ಲಿ ನನ್ನದು ಎತ್ತಿದ ಕೈ. ಜೀವಂತ ಕಪ್ಪೆಯೇನಾದರೂ ಪಕ್ಕದಲ್ಲಿ ಹಾರಿದರೆ ಮಾತ್ರ ಕಿರುಚಿ ಸ್ಟೂಲು ಹತ್ತುತ್ತಿದ್ದೆ. ಅಂಥವಳಿಗೆ ಅಮೆರಿಕಕ್ಕೆ ಬಂದ ಮೇಲೆ ಜೀವಂತ ಕಪ್ಪೆಗಳ ಹಿಂದೆ ಅಲೆಯುವುದೇ ಹೊಟ್ಟೆಪಾಡಾಯಿತು.

ಈಚೆಗೆ ಷಿಕಾಗೋ ಪಕ್ಕದ ನಮ್ಮೂರು ಲೊಂಬಾರ್ಡಿನ ಪರಿಚಯದವರ ಮಗಳೊಬ್ಬಳು ಇದೇ ಕೆಲಸಕ್ಕೆ ಸೇರಿದಳು. ಒಂದು ಮದುವೆಯ ಊಟದಲ್ಲಿ ನನ್ನ ಪಕ್ಕ ಬಂದು ಕೂತು, “ಆಂಟಿ, ವಾಟ್ ಈಸ್ ದ ಜಾಬ್ ರಿಯಲಿ ಲೈಕ್?” ಎಂದು ಕೇಳಿದಳು. ನನ್ನ ಬಾಯಲ್ಲಿ ಸಮೋಸವಿತ್ತು. ಅದನ್ನು ನುಂಗುವಷ್ಟರಲ್ಲಿ ಯಾರೋ ಅವಳನ್ನು ಫೋಟೋಗೆ ಎಳೆದುಕೊಂಡು ಹೋದರು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬಾರದು. ಅವಳ ಅಮ್ಮ ಓದಿ ಹೇಳಲಿ. ಅಮ್ಮನಿಗೂ ಮಗಳು ದಿನವೆಲ್ಲ ಏನು ಮಾಡುತ್ತಾಳೆಂದು ತಿಳಿದಂತಾಗುತ್ತದೆ.

ತೊಂಬತ್ತರ ದಶಕದ ಕೊನೆ. ನನ್ನ ಗಂಡ ಇಮ್ತಿಯಾಜ್ ಲೊಂಬಾರ್ಡಿನಲ್ಲಿ ಸಣ್ಣದೊಂದು ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಪಕ್ಕದ ಊರು ಲಿಸ್ಲ್‌ನ ಒಂದು ಪುಟ್ಟ ಕಂಪನಿಗೆ ಅಪ್ಲೈ ಮಾಡಿದೆ. ರಸ್ತೆ, ಆಫೀಸು, ಸಬ್‌ಡಿವಿಷನ್ ಎಂಬ ಮನೆಗಳ ಹೊಸ ಬಡಾವಣೆ ಕಟ್ಟುವ ಮುಂಚೆ ಅಲ್ಲಿನ ಜೌಗು ನೆಲದಲ್ಲಿ ಏನೇನು ಜೀವಿಗಳಿವೆ ಎಂದು ನೋಡಿ ವರದಿ ಕೊಡುವುದು ಆ ಕಂಪನಿಯ ಕೆಲಸ. ಯಜಮಾನ ಗ್ಲೆನ್ ಎಂಬಾತ. ಉದ್ದನೆಯ ಮನುಷ್ಯ, ಅವನ ಬೂಟುಗಳಲ್ಲಿ ಯಾವಾಗಲೂ ಯಾವುದಾದರೂ ಕೆರೆಯ ಕೆಸರು ಇದ್ದೇ ಇರುತ್ತಿತ್ತು.

“ಕಪ್ಪೆಗಳ ಜೊತೆ ಕೆಲಸ ಮಾಡಿದ ಅನುಭವ ಇದೆಯೇ?” ಎಂದು ಕೇಳಿದ.

“ಒಂಬತ್ತು ವರ್ಷ,” ಎಂದೆ.

“ಯಾವ ಥರದ ಕಪ್ಪೆಗಳು?”

“ಸತ್ತವು.”

ಗ್ಲೆನ್ ಎಷ್ಟು ನಕ್ಕನೆಂದರೆ, ಕೆಲಸ ಇಲ್ಲವೆನ್ನಲು ಅವನಿಗೇ ಸಂಕೋಚವಾಯಿತೆಂದು ಕಾಣುತ್ತದೆ. ಸೋಮವಾರದಿಂದ ಬಾ ಎಂದ.

ಮೊದಲ ದಿನವೇ ಎದೆಮಟ್ಟದ ರಬ್ಬರ್ ಪ್ಯಾಂಟು ಕೊಟ್ಟರು. ಅದನ್ನು ಚೂಡಿದಾರದ ಮೇಲೆ ಏರಿಸಿಕೊಂಡು, ತಲೆಗೆ ದುಪಟ್ಟ ಬಿಗಿದು ನೀರಿಗಿಳಿದೆ. ಕೆಸರು ನನ್ನ ಬಲಗಾಲನ್ನು ಹಿಡಿದುಕೊಂಡಿತು. ಜಗ್ಗಿದಾಗ ಕಾಲು ಬಂತು, ಬೂಟು ಬರಲಿಲ್ಲ. ಆ ಸಂಜೆ ಮಗಳು ಸನಾ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, “ಮಾಮ್, ಯು ಸ್ಮೆಲ್ ಲೈಕ್ ಎ ಪಾಂಡ್” ಎಂದಳು. ಅದನ್ನು ನಾನು ನನ್ನ ಮೊದಲ ಸರ್ಟಿಫಿಕೇಟ್ ಎಂದುಕೊಂಡೆ.

ನಮ್ಮ ಕೆಲಸದಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಗಂಡು ಕಪ್ಪೆಗಳು ಹೆಣ್ಣನ್ನು ಕರೆಯುವ ಸದ್ದು ಒಂದೊಂದು ಜಾತಿಗೆ ಒಂದೊಂದು ಬಗೆ. ಅವುಗಳಲ್ಲಿ ಗ್ಲೆನ್‌ಗೆ ಪ್ರಾಣವಾಗಿದ್ದದ್ದು ಕ್ರಿಕೆಟ್ ಕಪ್ಪೆ. ಕ್ರಿಕೆಟ್ ಎಂದರೆ ಇಲ್ಲಿ ಆಟವಲ್ಲ, ಚಿಮ್ಮಂಡೆ ಹುಳು, ನಮ್ಮವರು ಯಾರಿಗೆ ಹೇಳಿದರೂ “ಬ್ಯಾಟಿಂಗೋ, ಬೌಲಿಂಗೋ?” ಎಂದು ಕೇಳದೆ ಬಿಟ್ಟಿಲ್ಲ. ಹೆಬ್ಬೆರಳ ಉಗುರಿಗಿಂತ ಕೊಂಚ ದೊಡ್ಡ ಪ್ರಾಣಿ. ಮೈಯೆಲ್ಲ ನರಗುಳ್ಳೆ, ಎರಡು ಕಣ್ಣುಗಳ ನಡುವೆ ಒಂದು ಕಪ್ಪು ತ್ರಿಕೋನ. ಮರಗಪ್ಪೆಗಳ ವಂಶದಲ್ಲಿ ಹುಟ್ಟಿಯೂ ಮರ ಹತ್ತುವ ಗೋಜಿಗೆ ಹೋಗುವುದಿಲ್ಲ, ನೀರಂಚಿನ ಬರಿ ಮಣ್ಣಿನಲ್ಲಿ ಬಿಸಿಲು ಕಾಯುತ್ತ ಕೂತಿರುತ್ತದೆ. ಹೆದರಿದರೆ ಅತ್ತ ಒಮ್ಮೆ, ಇತ್ತ ಒಮ್ಮೆ ಅಂಕುಡೊಂಕಾಗಿ ನೆಗೆಯುತ್ತದೆ, ಹಿಡಿಯಹೋದವರು ಮುಗ್ಗರಿಸುತ್ತಾರೆ. ಇದರ ಗೊದಮೊಟ್ಟೆಯ ಬಾಲದ ತುದಿ ಕಪ್ಪಗಿರುವುದುಂಟು. ಕೊಳದಲ್ಲಿ ಹೊಂಚು ಹಾಕುವ ಹುಳ ಆ ಕಪ್ಪನ್ನೇ ತಲೆಯೆಂದು ಕಚ್ಚುತ್ತದೆ, ಮರಿ ತುಂಡು ಬಾಲದಲ್ಲಿ ಪಾರಾಗುತ್ತದೆ. ಷಿಕಾಗೋ ಸುತ್ತಮುತ್ತ ಒಂದು ಕಾಲಕ್ಕೆ ಎಲ್ಲೆಂದರಲ್ಲಿ ಇದ್ದ ಈ ಕಪ್ಪೆ ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಬಹುಮಟ್ಟಿಗೆ ಕಾಣೆಯಾಗಿತ್ತು. ಯಾಕೆ ಎಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ.

ಅದರ ಕೂಗು ಎರಡು ಬೆಣಚುಕಲ್ಲು ಕುಟ್ಟಿದ ಹಾಗೆ. ಮೊದಲು ಬಿಡಿಬಿಡಿಯಾಗಿ, ಆಮೇಲೆ ಬಿರುಸಾಗಿ, ಕೊನೆಗೆ ಮತ್ತೆ ನಿಧಾನವಾಗಿ. ಗ್ಲೆನ್ ಕೊಟ್ಟ ಕ್ಯಾಸೆಟ್ಟನ್ನು ಕಾರಿನಲ್ಲಿ ಹಾಕಿಕೊಂಡು ತಿಂಗಳುಗಟ್ಟಲೆ ಕೇಳಿದೆ. ಅಡುಗೆಮನೆಯಲ್ಲಿ ಕಲ್ಲು ಕುಟ್ಟಿ ಅಭ್ಯಾಸ ಮಾಡಿದೆ. ಇಮ್ತಿಯಾಜ್ ಪಾಪ, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೇನೆ ಎಂದುಕೊಂಡು ಬಹಳ ಹುಷಾರಾಗಿ ಊಟ ಮಾಡುತ್ತಿದ್ದರು.

ಇಷ್ಟು ವಿದ್ಯೆ ಸಂಪಾದಿಸಿ ನಾನು ಮಾಡಿದ ಮೊದಲ ಮಹಾಶೋಧ ಇದು. ಜೂನ್ ತಿಂಗಳ ಒಂದು ಬೆಳಿಗ್ಗೆ, ಹೆದ್ದಾರಿಯ ಪಕ್ಕದ ಆಫೀಸೊಂದರ ಹಿಂದೆ, ಮಳೆನೀರು ನಿಲ್ಲಲೆಂದು ತೋಡಿದ ಹೊಂಡದ ಬಳಿ ನಿಂತಿದ್ದೆ. ಟಿಕ್, ಟಿಕ್, ಟಿಕ್ ಟಿಕ್ ಟಿಕ್. ಗ್ಲೆನ್‌ಗೆ ಫೋನ್ ಮಾಡಿದೆ. ಅವನು ಯಾವುದೋ ಮೀಟಿಂಗ್ ಬಿಟ್ಟು, ನೆಕ್‌ಟೈ ಹಾರಾಡಿಸಿಕೊಂಡು ಓಡಿಬಂದ. ಇಬ್ಬರೂ ಉಸಿರು ಬಿಗಿಹಿಡಿದು ಪೊದೆಯ ಹಿಂದೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಗ್ಲೆನ್ ಬೆರಳು ತೋರಿಸಿದ. ಅತ್ತ ಕಡೆಯ ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಟಿಕ್ ಟಿಕ್ ಎಂದು ತಿರುಗುತ್ತಿತ್ತು. ಆ ವರ್ಷವೆಲ್ಲ ಆಫೀಸಿನಲ್ಲಿ ನನ್ನ ಹೆಸರು ಸ್ಪ್ರಿಂಕ್ಲರ್ ಎಂದೇ ಆಯಿತು.

ಇನ್ನೊಮ್ಮೆ ಒಂದು ಸಬ್‌ಡಿವಿಷನ್ನಿನ ಕೊಳದ ದಂಡೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ಹುಲ್ಲಿನೊಳಗೆ ಇಣುಕುತ್ತಿದ್ದೆ. ಪೊಲೀಸ್ ಕಾರು ಬಂದು ನಿಂತಿತು. ಎದ್ದು ನಿಲ್ಲಲು ಹೋಗಿ ಜಾರಿ, “ಅಯ್ಯೋ ಸತ್ತೆ” ಎನ್ನುತ್ತ ನೀರಿಗೆ ಬಿದ್ದೆ. ಎದುರಿನ ಮನೆಯ ಡೆಕ್ ಮೇಲಿಂದ ಒಬ್ಬ ಹಿರಿಯರು ಇಳಿದು ಬಂದರು.

“ಅರೆ, ಕನ್ನಡದವರಾ? ಮೊದ್ಲೇ ಹೇಳ್ಬಾರ್ದಾಗಿತ್ತಾ? ಯಾರೋ ಮೀನು ಕದಿಯೋರು ಅಂದ್ಕೊಂಡು ನಾನೇ ಪೊಲೀಸ್‌ಗೆ ಕಾಲ್ ಮಾಡಿದ್ದು,” ಎಂದರು. ಮೈಸೂರಿನವರು. ಕೊನೆಗೆ ನನಗೂ ಪೊಲೀಸಿನವನಿಗೂ ಒಟ್ಟಿಗೇ ಫಿಲ್ಟರ್ ಕಾಫಿ ಕೊಟ್ಟರು. ಮುಂದೆ ಯಾವ ಕೊಳಕ್ಕೆ ಹೋದರೂ ಸುತ್ತಲಿನ ಮನೆಗಳ ಕದ ತಟ್ಟಿ ನಾನು ಯಾರೆಂದು ಹೇಳಿಯೇ ಮಲಗುತ್ತಿದ್ದೆ. ಹೊಸಬರು ಇದೊಂದನ್ನಾದರೂ ನನ್ನಿಂದ ಕಲಿಯಲಿ.

ನಿಜವಾದ ಕ್ರಿಕೆಟ್ ಕಪ್ಪೆ ನನಗೆ ಸಿಕ್ಕಿದ್ದು ಇಲಿನಾಯ್‌ನಲ್ಲಲ್ಲ, ಮಿಷಿಗನ್ನಿನಲ್ಲಿ. ಡೆಟ್ರಾಯಿಟ್‌ನ ನೈಋತ್ಯಕ್ಕೆ, ಹೊಲಗಳ ನಡುವೆ ಒಂದು ಹಳೆಯ ಜಲ್ಲಿ ಗುಂಡಿ. ಜಲ್ಲಿ ತೆಗೆಯುವುದು ನಿಂತ ಮೇಲೆ ನೀರು ತುಂಬಿ ಕೊಳವಾಗಿತ್ತು. ಯಾರೋ ಅಲ್ಲಿ ಕಟ್ಟಡ ಕಟ್ಟುವವರಿದ್ದರು. ಅಷ್ಟು ಹೊತ್ತಿಗೆ ನಾನು ಕೆಲಸಕ್ಕೆ ಸೇರಿ ಏಳೆಂಟು ವರ್ಷ ಆಗಿತ್ತು. ನನ್ನ ಅಕ್ಕ ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿದ್ದಳು. ಉಳಿದುಕೊಳ್ಳಲು ಮನೆಯಿದೆ ಎಂದು ಗ್ಲೆನ್ ನನ್ನನ್ನೇ ಕಳಿಸಿದ.

ಮಧ್ಯಾಹ್ನ, ಚೆನ್ನಾಗಿ ಬಿಸಿಲಿತ್ತು. ಈ ಕಪ್ಪೆಯ ದೊಡ್ಡ ಉಪಕಾರವೆಂದರೆ ಹಗಲಿನಲ್ಲೂ ಕೂಗುತ್ತದೆ, ನಿದ್ದೆ ಕೆಡಿಸುವುದಿಲ್ಲ. ಜೇಬಿನಿಂದ ಎರಡು ಕಲ್ಲು ತೆಗೆದು ಕುಟ್ಟಿದೆ. ಎದುರು ದಂಡೆಯಿಂದ ಒಂದು ಉತ್ತರ ಬಂತು. ಸ್ಪ್ರಿಂಕ್ಲರ್ ಏನಾದರೂ ಇದೆಯೇ ಎಂದು ಸುತ್ತ ನೋಡಿದೆ. ಜೋಳದ ಹೊಲ ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಕುಟ್ಟಿದೆ. ಈ ಸಲ ಕೊಳವೆಲ್ಲ ಒಟ್ಟಿಗೇ ಶುರುವಾಯಿತು. ಬೀದಿ ತುಂಬ ಹುಡುಗರು ಗೋಲಿ ಆಡಿದ ಹಾಗೆ. ನಾನು ಕೆಸರಿನಲ್ಲಿ ಕೂತುಬಿಟ್ಟೆ. ಅಳು ಬಂತು. ಹತ್ತಿರದಲ್ಲಿ ಯಾರೂ ಇಲ್ಲದ್ದರಿಂದ ಚೆನ್ನಾಗಿಯೇ ಅತ್ತೆ.

ಸಂಜೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಭಾವ, “ಇವತ್ತು ಎಲ್ಲಿ ಹೋಗಿದ್ದಿ?” ಎಂದು ಕೇಳಿದರು. ಹೇಳಿದೆ. ಭಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಭಾವ ರಫೀಕ್ ರಾಣೆಬೆನ್ನೂರಿನವರು. ವಾರೆನ್‌ನ ಒಂದು ಕಾರು ಕಂಪನಿಯಲ್ಲಿ ಬ್ರೇಕ್ ಎಂಜಿನಿಯರ್. ಅಕ್ಕನ ಗಂಡನನ್ನು ನಮ್ಮಲ್ಲಿ ದುಲ್ಹೇಭಾಯಿ ಎಂದು ಕರೆಯುತ್ತೇವೆ. ಕರ್ನಾಟಕದ ಊರುಗಳಿಂದ ಬಂದ ಮುಸ್ಲಿಂ ಕುಟುಂಬಗಳು ಸೇರಿ ಮದುವೆಗೆ, ಇಫ್ತಾರಿಗೆ, ಮಕ್ಕಳ ಭಾನುವಾರದ ಶಾಲೆಗೆ ಒಂದು ಹಾಲ್ ಕಟ್ಟಬೇಕೆಂದು ಬಹಳ ವರ್ಷಗಳಿಂದ ಹೆಣಗುತ್ತಿದ್ದವು. ಎಲ್ಲರಿಗೂ ಹತ್ತಿರವಾಗುವ ಜಾಗ ಸಿಗದೆ, ಕೊನೆಗೆ ಎಲ್ಲರಿಗೂ ಸಮಾನವಾಗಿ ದೂರವಾಗುವ ಜಾಗವೊಂದನ್ನು ಕೊಂಡಿದ್ದರು. ಅದೇ ಆ ಜಲ್ಲಿ ಗುಂಡಿಯ ಜಾಗ. ಕಮಿಟಿಯ ಅಧ್ಯಕ್ಷರು ಭಾವ. ಕಾಗದದಲ್ಲಿ ಯಾವುದೋ ಟ್ರಸ್ಟಿನ ಹೆಸರಿದ್ದದ್ದರಿಂದ ನನಗೆ ಗೊತ್ತಾಗಿರಲಿಲ್ಲ. ಕೊಳ ಮುಚ್ಚಿ ಅಲ್ಲಿ ಪಾರ್ಕಿಂಗ್ ಮಾಡುವುದು ಅವರ ಯೋಜನೆ.

ಮನೆಯಲ್ಲಿ ನಾವು ಆಡುವುದು ಉರ್ದು. ಸಿಟ್ಟೋ ಸಂತೋಷವೋ ಹೆಚ್ಚಾದಾಗ ಭಾವ ಕನ್ನಡಕ್ಕೆ ಬರುತ್ತಿದ್ದರು.

“ಒಂದ್ ಕಪ್ಪಿ ಸಲುವಾಗಿ ಹಾಲ್ ನಿಲ್ಲಸ್ತೀಯೇನು?” ಎಂದರು.

“ನಿಲ್ಲಿಸೋಳು ನಾನಲ್ಲ ದುಲ್ಹೇಭಾಯಿ. ಅಲ್ಲಿ ಇದೆ ಅಂತ ಬರೀಬೇಕು, ಅಷ್ಟೇ.”

“ಬರೀಬ್ಯಾಡ. ಕಪ್ಪಿ ಬೇರೆ ಕಡೆ ಹೊಕ್ಕಾವ. ಅವಕ್ಕ ಕಾಲ್ ಇಲ್ಲೇನು?”

ಅಕ್ಕ ಸಾರಿನ ಪಾತ್ರೆ ಹಿಡಿದು ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು. ನಾನು ಭಾವನಿಗೆ ಹೇಳಲು ಯತ್ನಿಸಿದೆ. ಬೇರೆ ಕಪ್ಪೆಗಳು ನಾಲ್ಕಾರು ವರ್ಷ ಬದುಕುತ್ತವೆ, ಒಂದು ವರ್ಷ ಮೊಟ್ಟೆ ಕೆಟ್ಟರೆ ಮರುವರ್ಷ ಇಡುತ್ತವೆ. ಇದರ ಆಯಸ್ಸು ಹೆಚ್ಚುಕಡಿಮೆ ಒಂದೇ ವರ್ಷ. ಈ ಬೇಸಿಗೆಯ ಮರಿಗಳೇ ಬರುವ ಬೇಸಿಗೆಯ ಅಪ್ಪ ಅಮ್ಮ. ಒಂದು ಸಲ ಕೊಳ ತಪ್ಪಿತೆಂದರೆ ಹಿಂದಿನವರು ಯಾರೂ ಉಳಿದಿರುವುದಿಲ್ಲ. ಭಾವ ಕೇಳಿಸಿಕೊಂಡರು. ತಟ್ಟೆ ಸರಿಸಿ ಎದ್ದು ಹೋದರು.

ಗ್ಲೆನ್‌ಗೆ ಫೋನ್ ಮಾಡಿ, ಇದು ನನ್ನ ಭಾವನ ಕಮಿಟಿಯ ಜಾಗ, ಬೇರೆಯವರನ್ನು ಕಳಿಸು ಎಂದೆ.

“ಜಾಗ ಅವರದೆಂದು ಗೊತ್ತಾಗುವ ಮುಂಚೆ ಕಪ್ಪೆ ಕೇಳಿಸಿತೋ, ಆಮೇಲೋ?” ಎಂದು ಕೇಳಿದ.

“ಮುಂಚೆ.”

“ಹಾಗಾದರೆ ಬರೆ. ನಾನೂ ಬಂದು ಕೇಳುತ್ತೇನೆ. ನಿನ್ನ ಹಳೆಯ ಚರಿತ್ರೆಯೂ ಇದೆಯಲ್ಲ.”

ಬಂದ, ಕೇಳಿದ, ಸಹಿ ಹಾಕಿದ. ಆ ಕಪ್ಪೆಯನ್ನು ಮುಟ್ಟಬಾರದೆಂಬ ಕಟ್ಟುನಿಟ್ಟಿನ ಕಾನೂನು ಆಗ ಅಲ್ಲಿರಲಿಲ್ಲ. ಆದರೆ ಜೌಗು ಮುಚ್ಚಲು ಪರವಾನಗಿ ಬೇಕು, ಅದರ ಹೆಸರು ವರದಿಯಲ್ಲಿ ಬಂದರೆ ಪರವಾನಗಿ ಸಿಗುವುದು ಕಷ್ಟ. ಕಮಿಟಿಯವರು ನನ್ನನ್ನು ಕರೆಸಿ ವಿವರಣೆ ಕೇಳಿದರು. ಉರ್ದುವಿನಲ್ಲಿ ಶುರು ಮಾಡಿ, ಕನ್ನಡಕ್ಕೆ ಬಂದು, ಇಂಗ್ಲಿಷಿನಲ್ಲಿ ಸಿಕ್ಕಿಹಾಕಿಕೊಂಡು, ಕೊನೆಗೆ ಬೇರೆ ದಾರಿ ಕಾಣದೆ ಜೇಬಿನಿಂದ ಕಲ್ಲು ತೆಗೆದು ಕುಟ್ಟಿ ತೋರಿಸಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಪಕ್ಕದವರಿಗೆ, “ಓದಿದ ಹುಡುಗಿ, ಪಾಪ” ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕಪ್ಪೆ ಕೇಳುವ ಕಿವಿಯಲ್ಲವೇ.

ಹಾಲನ್ನು ರಸ್ತೆಯ ಕಡೆಗೆ ಸರಿಸಿ, ಪಾರ್ಕಿಂಗ್ ಚಿಕ್ಕದು ಮಾಡಿ, ಹೊಸ ನಕ್ಷೆ ಬರೆದವರು ಭಾವನೇ. ಆದರೆ ನನ್ನ ಜೊತೆ ಮಾತು ಬಿಟ್ಟಿದ್ದರು. ಒಂದೇ ಮೇಜಿಗೆ ಕೂತಿದ್ದಾಗಲೂ ಅಕ್ಕನ ಮೂಲಕವೇ ಎಲ್ಲ. “ಕೇಳು ಅಕಿನ್ನ, ನೀರಿಂದ ಎಷ್ಟ್ ಅಡಿ ಬಿಡಬೇಕಂತ.” ನಾನು ಅಕ್ಕನಿಗೆ, “ಐವತ್ತು ಅಡಿ ಅಂತ ಹೇಳು” ಎನ್ನುತ್ತಿದ್ದೆ. ಅಕ್ಕ ಇಬ್ಬರಿಗೂ ಅನ್ನ ಬಡಿಸುತ್ತ, “ಇಬ್ಬರಿಗೂ ಕಿವಿ ಐತಲ್ಲ” ಎನ್ನುತ್ತಿದ್ದಳು.

ನಾನು ಗೆದ್ದೆನೆಂದುಕೊಂಡು ಲೊಂಬಾರ್ಡಿಗೆ ಮರಳಿದೆ. ಮರುವರ್ಷದ ಬೇಸಿಗೆಯಲ್ಲಿ ಹಾಲ್ ಎದ್ದು ನಿಂತಿತು. ಅಕ್ಟೋಬರ್‌ನ ಒಂದು ಬೆಳಿಗ್ಗೆ ಅಕ್ಕ ಫೋನಿನಲ್ಲಿ, ಕಮಿಟಿಯವರಿಗೆ ಈಗ ಕೊಳದ ಮೇಲೆ ಬಹಳ ಅಭಿಮಾನ ಬಂದಿದೆ, ಕಪ್ಪೆಗಳಿಗೆ ಚೆಂದ ಇರಲೆಂದು ದಂಡೆಯನ್ನೆಲ್ಲ ಸಮ ಮಾಡಿಸಿ ಹುಲ್ಲು ಹಾಸಿ ಬೆಂಚು ಹಾಕಿಸುತ್ತಿದ್ದಾರೆ, ಇವತ್ತು ಯಂತ್ರ ಬರುತ್ತದೆ ಎಂದಳು. ಆಫೀಸಿಗೆ ಹೋಗಿ ಗ್ಲೆನ್‌ಗೆ ಸಂತೋಷದಿಂದ ಹೇಳಿದೆ. ಅವನು ಕಾಫಿ ಕೆಳಗಿಟ್ಟ.

“ಅವು ಚಳಿಗಾಲ ಎಲ್ಲಿ ಕಳೆಯುತ್ತವೆ, ನಸೀಮಾ?”

“ಕೊಳದ ತಳದಲ್ಲಿ,” ಎಂದೆ. ದಾವಣಗೆರೆಯಲ್ಲಿ ಎಷ್ಟೋ ತಂಡ ಹುಡುಗರಿಗೆ ಕಪ್ಪೆಗಳ ದೀರ್ಘನಿದ್ದೆಯ ಬಗ್ಗೆ ಹಾಗೇ ಕಲಿಸಿದವಳು ನಾನು.

“ಅದು ಬುಲ್‌ಫ್ರಾಗ್. ಈ ಪುಟ್ಟದನ್ನು ಬಹಳ ಕಾಲ ನೀರಿನಡಿ ಇಟ್ಟರೆ ಸಾಯುತ್ತದೆ. ಇದು ದಂಡೆಯ ಮಣ್ಣಿನ ಬಿರುಕಿನಲ್ಲಿ, ನೀರು ಏರದ, ಹಿಮ ಇಳಿಯದ ಕಡೆ ಅಡಗಿಕೊಳ್ಳುತ್ತದೆ.”

ನಾನು ಐವತ್ತು ಅಡಿ ಬಿಡಿಸಿದ್ದೆ. ಆ ಐವತ್ತು ಅಡಿಯಲ್ಲಿ ಏನು ಮಾಡಬಾರದು ಎಂದು ಹೇಳಿರಲಿಲ್ಲ. ಊರೊಂದನ್ನು ಉಳಿಸಲು ಹೋರಾಡಿ, ಊರವರು ಮಲಗಿದ್ದಾಗ ಮನೆಗಳನ್ನು ಕೆಡವಲು ಬಿಟ್ಟ ಹಾಗಾಗಿತ್ತು. ಭಾವನಿಗೆ ಫೋನ್ ಮಾಡಿದೆ.

“ದುಲ್ಹೇಭಾಯಿ, ನಾನು ನಸೀಮಾ.”

“ಗೊತ್ತೈತಿ. ನಂಬರ್ ಬರತೈತಿ.”

“ದಂಡೆ ಸಮ ಮಾಡೋದನ್ನ ನಿಲ್ಲಿಸ್ಬೇಕು.”

“ನೀರು ಮುಟ್ಟಬ್ಯಾಡ್ರಿ ಅಂದಿ, ಬಿಟ್ವಿ. ಈಗ ನೆಲಾನೂ ಮುಟ್ಟಬ್ಯಾಡ್ರಿ ಅಂತೀ. ನಾವು ಗಾಳ್ಯಾಗ ಕುಂದ್ರೂಣೇನು?”

“ಚಳಿಗಾಲದಲ್ಲಿ ಅವು ನೀರಲ್ಲಿ ಇರಲ್ಲ. ದಂಡೆ ಬಿರುಕಲ್ಲಿ ಇರ್ತವೆ. ಯಂತ್ರ ಓಡಿದ್ರೆ ಎಲ್ಲ ಹೋಗ್ತವೆ.”

“ಮತ್ತ ಅದನ್ನ ಆವಾಗ್ಯಾಕ ಹೇಳಲಿಲ್ಲ?”

“ಆವಾಗ ನಂಗೇ ಗೊತ್ತಿರ್ಲಿಲ್ಲ.”

“ನೀ ಕಾಲೇಜಿನಾಗ ಕಲಿಸಾಕಿ ಅಲ್ಲೇನು?” ಎಂದು ಕೇಳಿ ಫೋನ್ ಇಟ್ಟರು.

ಯಂತ್ರ ನಿಲ್ಲಿಸುತ್ತಾರೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ಫೋನ್ ಮಾಡಿದರೆ ಎತ್ತಲಿಲ್ಲ. ಕಾರು ಹತ್ತಿ ಹೊರಟೆ. ಸುಮಾರು ಐದು ತಾಸಿನ ದಾರಿ. ಹೋಗಿ ಏನು ನೋಡುತ್ತೇನೋ ಎಂದು ಇಂಡಿಯಾನಾ ದಾಟುವವರೆಗೂ ಎಲ್ಲೂ ಕಾರು ನಿಲ್ಲಿಸಲಿಲ್ಲ.

ಅಲ್ಲಿ ತಲುಪಿದಾಗ ಇಳಿಬಿಸಿಲು. ದಂಡೆಯ ಅಂಚಿನಲ್ಲಿ ಹಳದಿ ಬಣ್ಣದ ಯಂತ್ರ ನಿಂತಿತ್ತು. ಅದರ ಹಲ್ಲುಗಳ ಮುಂದೆ, ಅಡ್ಡಲಾಗಿ, ಭಾವನ ಕಾರು. ಯಂತ್ರದವನು ತನ್ನ ಸೀಟಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಭಾವ ಆಫೀಸಿನ ಬಟ್ಟೆಯಲ್ಲೇ ಕಾರಿನ ಬಾನೆಟ್ಟಿಗೆ ಒರಗಿ, ಅಕ್ಕ ಕಟ್ಟಿಕೊಟ್ಟಿದ್ದ ಚಪಾತಿ ತಿನ್ನುತ್ತಿದ್ದರು. ಬೆಳಿಗ್ಗೆಯಿಂದ ಹೀಗೇ ಇದ್ದಾರೆಂದು ಯಂತ್ರದವನು ನನಗೆ ದೂರು ಹೇಳಿದ.

“ತೋರಿಸು,” ಎಂದರು ಭಾವ.

ಹುಡುಕಿದೆ. ಒಂದು ಬಿರುಕು ನೋಡಿದೆ, ಇನ್ನೊಂದು ನೋಡಿದೆ. ಮಂಡಿಯೂರಿ ಇಡೀ ದಂಡೆ ತೆವಳಿದೆ. ಒಂದೂ ಇಲ್ಲ. ಯಂತ್ರದವನು ಗಡಿಯಾರ ನೋಡಿಕೊಂಡ. ಈ ಸಲವೂ ಸ್ಪ್ರಿಂಕ್ಲರೇ ಆಯಿತಲ್ಲ, ಅದೂ ಮನೆಮಂದಿಯ ಮುಂದೆ ಎಂದುಕೊಂಡೆ. ಭಾವ ನಿಟ್ಟುಸಿರು ಬಿಟ್ಟು ಕಾರಿನ ಕಡೆ ತಿರುಗಿ ಹೆಜ್ಜೆ ಇಟ್ಟರು. ಅವರ ಬೂಟಿನ ಪಕ್ಕದಿಂದ ಏನೋ ಚಿಮ್ಮಿತು. ಅತ್ತ ನೆಗೆಯಿತು, ಇತ್ತ ನೆಗೆಯಿತು. ಭಾವನೂ ಅತ್ತ ತಿರುಗಿ, ಇತ್ತ ತಿರುಗಿ, ಕಾಲು ತೊಡರಿ, ಕೆಸರಿನಲ್ಲಿ ಅಂಗೈ ಊರಿ ಬಿದ್ದರು. ಏಳಲಿಲ್ಲ. ಮೂಗಿನ ಮುಂದಿನ ಬಿರುಕಿನಲ್ಲಿ, ಮಣ್ಣಿನದೇ ಬಣ್ಣದಲ್ಲಿ, ಅದು ಕೂತಿತ್ತು. ಭಾವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಅದನ್ನು ನೋಡಿದರು.

“ಇದಾ?”

“ಹೂಂ.”

“ಇಷ್ಟಽ ಐತಲ್ಲ. ಇದರ ಸಲುವಾಗಿ ನಾವು ಇಷ್ಟ್ ದಿನ ಮಾತು ಬಿಟ್ಟಿದ್ವೇನು?”

“ಬಿಟ್ಟಿದ್ದು ನೀವು, ದುಲ್ಹೇಭಾಯಿ.”

ಭಾವ ಎದ್ದು, ಕೆಸರಾದ ಕೈಯನ್ನು ಇಸ್ತ್ರಿ ಮಾಡಿದ ಪ್ಯಾಂಟಿಗೆ ಒರೆಸಿಕೊಂಡು, ಯಂತ್ರದವನ ಬಳಿ ಹೋದರು. “ಸಾರಿ. ದಿಸ್ ಪ್ಲೇಸ್ ಈಸ್ ಆಕ್ಯುಪೈಡ್,” ಎಂದರು. ಬೆಂಚುಗಳನ್ನು ಹಾಲ್‌ನ ಮುಂದೆ ಹಾಕಿಸಿದರು. ದಂಡೆ ಬಿರುಕುಬಿರುಕಾಗಿ, ಬರಿ ಮಣ್ಣಾಗಿ, ಕುರೂಪಿಯಾಗಿ ಉಳಿಯಿತು.

ನಾನು ಕೆಲಸ ಬಿಡುವ ಹೊತ್ತಿಗೆ ಅದರ ರೀತಿಯೇ ಬದಲಾಗಿತ್ತು. ಕ್ಯಾಸೆಟ್ ಹೋಗಿ, ಕೊಳದ ಪಕ್ಕದ ಕಂಬಕ್ಕೆ ಕಟ್ಟಿಬಂದರೆ ತಾನೇ ಕೇಳಿಸಿಕೊಳ್ಳುವ ಪೆಟ್ಟಿಗೆ ಬಂತು. ಕೇಳಿಸಿದ್ದು ಯಾವ ಕಪ್ಪೆ ಎಂದು ಹೇಳಲು ಕಂಪ್ಯೂಟರ್ ಬಂತು. ಅದು ಒಮ್ಮೆ ಸೈಕಲ್ ಚೈನಿನ ಸದ್ದನ್ನು ಕ್ರಿಕೆಟ್ ಕಪ್ಪೆ ಎಂದಿತು. ಆ ದಿನ ನನಗಾದ ಸಮಾಧಾನ ಯಾವ ಬಡ್ತಿಯಿಂದಲೂ ಆಗಿರಲಿಲ್ಲ. ಹೊಸ ಹುಡುಗಿಗೆ ನಾನು ಹೇಳುವುದಿಷ್ಟೇ. ಪೆಟ್ಟಿಗೆ ಕಟ್ಟು, ಆದರೆ ಪಕ್ಕದಲ್ಲಿ ನೀನೂ ಸ್ವಲ್ಪ ಹೊತ್ತು ಬಾಯಿ ಮುಚ್ಚಿ ನಿಂತಿರು. ಪಾಠ ಮಾಡಿ ಅಭ್ಯಾಸವಾದ ನನಗೆ ಈ ಕೆಲಸದಲ್ಲಿ ಅತಿ ಕಷ್ಟವಾದದ್ದು ಅದೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮೊದಲೇ ಹೇಳು. ತಡವಾಗಿ ಹೇಳಿದರೆ ಐದು ತಾಸು ಡ್ರೈವ್ ಮಾಡಬೇಕಾಗುತ್ತದೆ.

ಭಾವ ಯಂತ್ರ ತಡೆದ ವರ್ಷದ ಚಳಿಗಾಲ ಬಲು ಕಠಿಣವಾಗಿತ್ತು. ಸೊನ್ನೆ ಫ್ಯಾರನ್‌ಹೀಟ್‌ಗೂ ಕೆಳಗಿಳಿದ ದಿನಗಳಲ್ಲಿ ಆ ಬಿರುಕುಗಳು ನೆನಪಾಗುತ್ತಿದ್ದವು. ಬೇಸಿಗೆ ಬಂತು. ನಾನು ಬೇರೆ ಕೆಲಸದಲ್ಲಿ ಸಿಕ್ಕಿಬಿದ್ದು ಮಿಷಿಗನ್‌ಗೆ ಹೋಗಲಾಗಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಭಾವನ ಫೋನ್ ಬಂತು. ಹಾಲ್‌ನಲ್ಲಿ ಯಾರದೋ ಮದುವೆಯ ವಲೀಮಾ ಊಟ. ಭಾವ ಮೊಬೈಲ್ ಹಿಡಿದು ಕೊಳದ ಕಡೆಗೆ ಬಂದಿದ್ದರು.

“ಕೇಳಿಸ್ತೇನು?” ಎಂದರು.

ಕಿವಿಗೊತ್ತಿ ಹಿಡಿದೆ. ಗಾಳಿ, ದೂರದಲ್ಲಿ ಮಕ್ಕಳ ಗಲಾಟೆ, ಭಾವನ ಉಸಿರು. ಇನ್ನೇನೂ ಇಲ್ಲ. ಅಷ್ಟು ಚೂಪಾದ ಸದ್ದನ್ನು ಆಗಿನ ಫೋನುಗಳು ದಾಟಿಸುತ್ತಿರಲಿಲ್ಲ.

“ಇಲ್ಲ ದುಲ್ಹೇಭಾಯಿ. ಫೋನಲ್ಲಿ ಬರ್ತಿಲ್ಲ. ಹೇಗಿದೆ ಅಂತ ನೀವೇ ಮಾಡಿ ತೋರಿಸಿ.”

“ನಾನಾ? ಇಲ್ಲಿ ಮಂದಿ ಅದಾರ.”

“ಮೆಲ್ಲಗೆ ಮಾಡಿ.”

ನಾಲಗೆಯನ್ನು ಅಂಗುಳಿಗೆ ಒತ್ತಿ, ಕಮಿಟಿಯ ಅಧ್ಯಕ್ಷರು ಶುರು ಮಾಡಿದರು. ಮೊದಲು ಬಿಡಿಬಿಡಿಯಾಗಿ, ಆಮೇಲೆ ಬಿರುಸಾಗಿ, ಕೊನೆಗೆ ಮತ್ತೆ ನಿಧಾನವಾಗಿ.

“ಬರೋಬ್ಬರಿ ಐತೇನು?” ಎಂದು ಕೇಳಿದರು.

“ಇನ್ನೊಂದ್ಸಲ ಮಾಡಿ” ಎಂದೆ.

ಭಾವನ ಹಿಂದೆ ಯಾರೋ ಗೊಳ್ಳೆಂದು ನಕ್ಕದ್ದು ಕೇಳಿಸಿತು. ಭಾವ ನಿಲ್ಲಿಸಲಿಲ್ಲ.